ಸುಸ್ಥಿರ ಇಂಧನದ ಪ್ರಗತಿಯನ್ನು ಜಗತ್ತು ಅಳೆಯುವ ಬಗೆ



ಮಿಷನ್ ಅಂತ್ಯೋದಯ ಸಮೀಕ್ಷೆಯ ನಮೂನೆಯಲ್ಲಿ ಇಂಧನಕ್ಕೆ ಸಂಬಂಧಿಸಿದ ಎರಡು ಪ್ರಶ್ನೆಗಳಿರುವುದನ್ನು ತಾವು ಗಮನಿಸಿರಬಹುದು. ಗೃಹಬಳಕೆಗೆ ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ದೊರೆಯುತ್ತದೆ ಎಂಬುದು ಒಂದು. ಅಡುಗೆ ಅನಿಲ ಅಥವಾ ಜೈವಿಕ ಅನಿಲದಂತಹ ಶುದ್ಧ ಇಂಧನ ಬಳಸುವ ಕುಟುಂಬಗಳೆಷ್ಟು ಎಂಬುದು ಇನ್ನೊಂದು. ಇವೆರಡನ್ನೂ ಕಚೇರಿಯಲ್ಲಿ ಕುಳಿತೇ ಐದು ನಿಮಿಷಗಳಲ್ಲಿ ಭರ್ತಿ ಮಾಡುವುದು ರೂಢಿ. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದ್ದೇನೆ. ಇದೇ ಎರಡು ಪ್ರಶ್ನೆಗಳನ್ನು ಇಡೀ ಜಗತ್ತಿಗೂ ಕೇಳಲಾಗುತ್ತಿದೆ. ಅಲ್ಲಿ ಉತ್ತರ ಹೇಗೆ ಸಿದ್ಧವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಈ ಪಾಠದ ವಿಷಯ.

2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಏಳನೆಯದು ಇಂಧನದ್ದು. 2030ರೊಳಗೆ ಎಲ್ಲರಿಗೂ ಕೈಗೆಟುಕುವ ದರದ, ನಂಬಲರ್ಹವಾದ, ಸುಸ್ಥಿರ ಹಾಗೂ ಆಧುನಿಕ ಇಂಧನ ದೊರೆಯಬೇಕೆಂಬುದು ಅದರ ಆಶಯ. ಆಶಯವನ್ನು ಅಳೆಯಲಾಗದು, ಆದ್ದರಿಂದ ಸೂಚಕಗಳನ್ನು ನಿಗದಿಪಡಿಸಲಾಗಿದೆ. ವಿದ್ಯುತ್ ಪಡೆದ ಜನರ ಪ್ರಮಾಣ, ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನವನ್ನೇ ಅವಲಂಬಿಸಿರುವವರ ಪ್ರಮಾಣ, ಒಟ್ಟು ಇಂಧನ ಬಳಕೆಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು, ಉತ್ಪಾದನೆಯ ಪ್ರತಿ ಡಾಲರ್ ಮೌಲ್ಯಕ್ಕೆ ವ್ಯಯವಾಗುವ ಇಂಧನ ಇವು ಅವುಗಳಲ್ಲಿ ಮುಖ್ಯವಾದವು. ವಿಶ್ವಬ್ಯಾಂಕ್, ವಿಶ್ವ ಆರೋಗ್ಯ ಸಂಸ್ಥೆ, ಅಂತಾರಾಷ್ಟ್ರೀಯ ಇಂಧನ ಸಂಸ್ಥೆ, ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಕೂಡಿ ಪ್ರತಿ ವರ್ಷ ಪ್ರಗತಿ ವರದಿಯನ್ನು ಹೊರತರುತ್ತವೆ.

2025ರ ವರದಿಯಂತೆ 2023ರಲ್ಲಿ ಜಗತ್ತಿನ ಶೇ. 92ರಷ್ಟು ಜನರಿಗೆ ವಿದ್ಯುತ್ ಇತ್ತು; ಸುಮಾರು 66 ಕೋಟಿ ಜನರಿಗೆ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದವರು. 2010ರ ಚಿತ್ರ ಬೇರೆಯೇ ಆಗಿತ್ತು. ಆಗ ವಿದ್ಯುತ್ ಇಲ್ಲದವರ ಸಂಖ್ಯೆಯಲ್ಲಿ 30 ಕೋಟಿಗೂ ಮೀರಿದ ಜನರೊಂದಿಗೆ ಭಾರತವೇ ಮೊದಲ ಸ್ಥಾನದಲ್ಲಿತ್ತು. ಆ ಸ್ಥಾನದಿಂದ ನಾವು ಹೊರಬಂದದ್ದು ಸಣ್ಣ ಸಾಧನೆಯಲ್ಲ. ಆದರೆ 'ವಿದ್ಯುತ್ ಇದೆ' ಎಂಬ ಮಾತಿಗೆ ಏನು ಅರ್ಥ ಎಂಬ ಪ್ರಶ್ನೆ ಉಳಿದೇ ಇದೆ.

ಈ ಪ್ರಶ್ನೆಗೆ ನಮ್ಮ ದೇಶದ್ದೇ ಇತಿಹಾಸವಿದೆ. 1997ರವರೆಗೆ, ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವುದಾದರೊಂದು ಉದ್ದೇಶಕ್ಕೆ ವಿದ್ಯುತ್ ಬಳಕೆಯಾಗುತ್ತಿದ್ದರೆ ಆ ಗ್ರಾಮ ವಿದ್ಯುದೀಕರಣಗೊಂಡಂತೆ. ಹೊಲದಲ್ಲಿ ಒಂದು ಪಂಪ್‌ಸೆಟ್ ಓಡುತ್ತಿದ್ದರೆ ಸಾಕು, ಊರಿನ ಮನೆಗಳೆಲ್ಲ ಕತ್ತಲಲ್ಲಿದ್ದರೂ ಲೆಕ್ಕ ಪೂರ್ಣ. 2004ರಲ್ಲಿ ವ್ಯಾಖ್ಯಾನ ಬದಲಾಯಿತು. ಜನವಸತಿಗೆ ಟಿ.ಸಿ. ಮತ್ತು ಲೈನ್ ಬಂದಿರಬೇಕು, ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರಗಳಂತಹ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ ಇರಬೇಕು, ಕನಿಷ್ಠ ಶೇ. 10ರಷ್ಟು ಮನೆಗಳಿಗೆ ಸಂಪರ್ಕವಿರಬೇಕು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪಿದಾಗ ದೇಶದ ಎಲ್ಲ ಗ್ರಾಮಗಳೂ ವಿದ್ಯುದೀಕರಣಗೊಂಡವೆಂದು ಘೋಷಿಸಿದ್ದು ಈ ವ್ಯಾಖ್ಯಾನದ ಪ್ರಕಾರವೇ. ನೂರು ಮನೆಗಳಲ್ಲಿ ತೊಂಬತ್ತು ಬಿಟ್ಟುಹೋದರೂ ಗ್ರಾಮದ ಲೆಕ್ಕಕ್ಕೆ ಕುಂದಿಲ್ಲ. ಮನೆಯನ್ನೇ ಲೆಕ್ಕದ ಘಟಕವಾಗಿ ಹಿಡಿದದ್ದು 2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆ.

ಮನೆಗೆ ತಂತಿ ಬಂದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಸಂಜೆ ಆರಕ್ಕೆ ಹೋಗಿ ಹತ್ತಕ್ಕೆ ಬರುವ ವಿದ್ಯುತ್ ಶಾಲೆಯ ಮಗುವಿಗೆ ಯಾವ ಉಪಯೋಗಕ್ಕೆ? ಈ ಕೊರತೆಯನ್ನು ಅರಿತು ವಿಶ್ವಬ್ಯಾಂಕಿನ ಇಂಧನ ವಿಭಾಗವು 2015ರಲ್ಲಿ ಬಹುಹಂತದ ಅಳತೆಗೋಲೊಂದನ್ನು ರೂಪಿಸಿತು. ಅದರಲ್ಲಿ 'ಹೌದು', 'ಇಲ್ಲ' ಎಂಬ ಎರಡೇ ಉತ್ತರಗಳ ಬದಲು ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ದಿನಕ್ಕೆ 4 ಗಂಟೆ, ಅದರಲ್ಲಿ ಸಂಜೆ ಒಂದು ಗಂಟೆ ಸಣ್ಣ ದೀಪ ಉರಿದರೆ ಮೊದಲ ಹಂತ. ಮೂರನೆಯ ಹಂತಕ್ಕೆ 8 ಗಂಟೆ, ಸಂಜೆ 3 ಗಂಟೆ, 200 ವ್ಯಾಟ್ ಸಾಮರ್ಥ್ಯ ಬೇಕು. ಐದನೆಯದಕ್ಕೆ ದಿನದಲ್ಲಿ 23 ಗಂಟೆ. ಸಂಜೆಯ ಗಂಟೆಗಳನ್ನು ಪ್ರತ್ಯೇಕವಾಗಿ ಎಣಿಸುವುದೇ ಈ ಅಳತೆಗೋಲಿನ ಜಾಣತನವೆಂದು ನನ್ನ ಭಾವನೆ. ವೋಲ್ಟೇಜ್, ಅಡಚಣೆಗಳ ಸಂಖ್ಯೆ, ಸುರಕ್ಷತೆ, ಬಿಲ್ಲಿನ ಹೊರೆ ಇವೂ ಎಣಿಕೆಗೆ ಬರುತ್ತವೆ. ವರ್ಷಕ್ಕೆ 365 ಯೂನಿಟ್‌ಗಳ ವೆಚ್ಚವು ಕುಟುಂಬದ ಆದಾಯದ ಶೇ. 5ನ್ನು ಮೀರಬಾರದು. ಎಲ್ಲಕ್ಕಿಂತ ಕಡಿಮೆ ಅಂಕ ಪಡೆದ ಅಂಶವೇ ಮನೆಯ ಹಂತವನ್ನು ನಿರ್ಧರಿಸುತ್ತದೆ. ಮೋಟಾರು ಎಷ್ಟೇ ದೊಡ್ಡದಿರಲಿ, ನೀರು ಬರುವುದು ಪೈಪಿನ ಅಳತೆಯಷ್ಟೇ ಅಲ್ಲವೇ? ಆದರೂ ವಾರ್ಷಿಕ ಜಾಗತಿಕ ವರದಿಯ ಮುಖ್ಯ ಅಂಕಿ ಇಂದಿಗೂ 'ಹೌದು, ಇಲ್ಲ' ಮಾದರಿಯದೇ. ಹಂತವಾರು ಸಮೀಕ್ಷೆ ದುಬಾರಿ; ಅದು ನಡೆದಿರುವುದು ಕೆಲವೇ ದೇಶಗಳಲ್ಲಿ.

ಅಡುಗೆ ಇಂಧನದ ಲೆಕ್ಕ ಇನ್ನೂ ಜಟಿಲ. ಜಗತ್ತಿನಲ್ಲಿ ಸುಮಾರು 210 ಕೋಟಿ ಜನ ಇಂದಿಗೂ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಗಳನ್ನೇ ನಂಬಿದ್ದಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಮಂದಿ ಅಕಾಲಿಕ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಮೀಕ್ಷೆಗಳಲ್ಲಿ ಕೇಳುವ ಪ್ರಶ್ನೆ 'ಮುಖ್ಯವಾಗಿ ಯಾವ ಇಂಧನ ಬಳಸುತ್ತೀರಿ' ಎಂಬುದು. ಈ 'ಮುಖ್ಯವಾಗಿ' ಎಂಬ ಒಂದು ಪದದಡಿ ಬಹಳಷ್ಟು ಹೊಗೆ ಅಡಗಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 96.8ರಷ್ಟು ಮನೆಗಳಲ್ಲಿ ವಿದ್ಯುತ್ ಕಂಡುಬಂದರೆ, ಶುದ್ಧ ಅಡುಗೆ ಇಂಧನ ಕಂಡುಬಂದದ್ದು ಶೇ. 58.6ರಲ್ಲಿ, ಗ್ರಾಮೀಣ ಭಾಗದಲ್ಲಿ ಶೇ. 43.2ರಲ್ಲಿ ಮಾತ್ರ.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಒಂದು ಮಜರೆ ಗ್ರಾಮದ ಅಂಕಿಯನ್ನು ನಾನು ಅನಿಲ ಸಂಪರ್ಕಗಳ ಪಟ್ಟಿಯಿಂದ ನೇರವಾಗಿ ನಮೂನೆಗೆ ಇಳಿಸಿದ್ದೆ. ಆ ವಾರ್ಡಿನ ಸದಸ್ಯೆಯೊಬ್ಬರು ಸಭೆಯಲ್ಲಿ ಎದ್ದು, "ಸಾರ್, ಬೆಳಿಗ್ಗೆ ಆರು ಗಂಟೆಗೆ ನಮ್ಮ ಕೇರಿಗೆ ಬನ್ನಿ" ಎಂದರು. ಹೋದೆ. ಬಹುಪಾಲು ಮನೆಗಳ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಸಿಲಿಂಡರ್ ಇತ್ತು, ಚಹಾಕ್ಕೆ, ನೆಂಟರು ಬಂದಾಗ. ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಒಲೆ. ಮರುಭರ್ತಿಯ ಹಣ ಕೂಲಿಯ ದಿನಗಳನ್ನು ಅವಲಂಬಿಸಿತ್ತು. ಪಟ್ಟಿ ಸುಳ್ಳಾಗಿರಲಿಲ್ಲ, ಅದು ಸಂಪರ್ಕವನ್ನು ಎಣಿಸಿತ್ತು, ಬಳಕೆಯನ್ನಲ್ಲ.

ಸೂಚಕಗಳು ಒಂದಕ್ಕೊಂದು ಎದುರಾಗುವುದೂ ಉಂಟು. 2022ರಲ್ಲಿ ಜಗತ್ತಿನ ಒಟ್ಟು ಇಂಧನ ಬಳಕೆಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಶೇ. 17.9. ಮೂರು ಕಲ್ಲಿನ ಒಲೆಯ ಸೌದೆಯೂ ಇದರಲ್ಲಿ ಸೇರಿದೆ; ಮರ ಮತ್ತೆ ಬೆಳೆಯುತ್ತದಷ್ಟೆ. ಗೃಹಿಣಿಯೊಬ್ಬರು ಸೌದೆ ಬಿಟ್ಟು ಅನಿಲಕ್ಕೆ ಬದಲಾದರೆ ಶುದ್ಧ ಅಡುಗೆಯ ಸೂಚಕ ಏರುತ್ತದೆ, ನವೀಕರಿಸಬಹುದಾದ ಇಂಧನದ ಪಾಲು ಇಳಿಯುತ್ತದೆ, ಏಕೆಂದರೆ ಅಡುಗೆ ಅನಿಲ ಭೂಗರ್ಭದ ತೈಲಮೂಲದ್ದು. ಆ ಇಳಿಕೆಯನ್ನು ಹಿನ್ನಡೆಯೆಂದು ಓದುವುದು ತಪ್ಪು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕನ್ನು ಕಂಡವರಿಗೆ ಶೇ. 17.9 ಕಡಿಮೆಯೆನಿಸಬಹುದು. ಸೌರ, ಪವನ ಶಕ್ತಿಗಳು ವೇಗವಾಗಿ ಬೆಳೆಯುತ್ತಿರುವುದು ವಿದ್ಯುತ್ ಕ್ಷೇತ್ರದಲ್ಲಿ. ವಾಹನ ಮತ್ತು ಕಾರ್ಖಾನೆಗಳ ಶಾಖ ಇನ್ನೂ ಬಹುಮಟ್ಟಿಗೆ ತೈಲ, ಕಲ್ಲಿದ್ದಲುಗಳದ್ದೇ.

ದಕ್ಷತೆಯ ಸೂಚಕದ ಬಗ್ಗೆ ಇಷ್ಟು ಸಾಕು: ಅದೇ ಬೆಳಕು, ಅದೇ ನೀರು, ಕಡಿಮೆ ಯೂನಿಟ್. ಬೀದಿದೀಪ ಮತ್ತು ಕುಡಿಯುವ ನೀರಿನ ಮೋಟಾರುಗಳ ಬಿಲ್ಲು ಪ್ರತಿ ತಿಂಗಳು ನಮ್ಮ ಮುಂದೆ ಬರುವುದರಿಂದ ತಮಗೆ ಇದು ನನಗಿಂತ ಚೆನ್ನಾಗಿ ತಿಳಿದಿದೆ.

ಮುಂದಿನ ವಾರ್ಡ್ ಸಭೆಗಳಲ್ಲಿ ನಮೂನೆಯ ಪ್ರಶ್ನೆಗಳ ಜೊತೆಗೆ ಇನ್ನೆರಡನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಸಂಜೆ ಆರರಿಂದ ಹತ್ತರ ನಡುವೆ ಎಷ್ಟು ಗಂಟೆ ವಿದ್ಯುತ್ ಇರುತ್ತದೆ? ಕಳೆದ ವರ್ಷ ಎಷ್ಟು ಸಿಲಿಂಡರ್ ತುಂಬಿಸಿದಿರಿ? ಎರಡನೆಯದನ್ನು ಅಡುಗೆ ಮಾಡುವವರನ್ನೇ ಕೇಳುವುದು ಉತ್ತಮ; ಮನೆಯ ಯಜಮಾನರು ಹೇಳುವ ಸಂಖ್ಯೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಈ ಉತ್ತರಗಳನ್ನು ವಾರ್ಡ್‌ವಾರು ಪುಸ್ತಕದಲ್ಲಿ ದಾಖಲಿಸಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕರಡು ಚರ್ಚೆಗೆ ಬರುವ ಗ್ರಾಮ ಸಭೆಯ ಮುಂದಿಡಬಹುದಾಗಿದೆ.