ಸಂಧಿವಾತ ಮತ್ತು ಧಾನ್ಯತ್ಯಾಗ: ಪಥ್ಯವೋ ವ್ರತವೋ?

ಬೆಳಗಿನ ಹೊತ್ತು ಬೆರಳುಗಳು ಬಾಗದೆ ಜಪಮಾಲೆಯ ಮಣಿ ಜಾರಿಹೋಗುತ್ತದೆ. ಮಂಡಿ ಮಡಿಸಿ ಸಾಮಾಯಿಕಕ್ಕೆ ಕುಳಿತುಕೊಳ್ಳಲಾಗುವುದಿಲ್ಲ, ಕುಳಿತರೆ ಏಳಲಾಗುವುದಿಲ್ಲ. ಜಿನಬಿಂಬದ ಮುಂದೆ ಪಂಚಾಂಗ ನಮಸ್ಕಾರಕ್ಕೆ ಬದಲಾಗಿ ಕೈಜೋಡಿಸಿ ನಿಲ್ಲುವುದಷ್ಟೇ ಉಳಿಯುತ್ತದೆ. ದೀರ್ಘಕಾಲದ ಉರಿಯೂತದ ಸಂಧಿವಾತವು ಹೊಕ್ಕ ಮನೆಗಳಲ್ಲಿ ಇದು ನಿತ್ಯದ ಸಂಗತಿ. ಅಂಥ ಮನೆಯಲ್ಲಿ, ಜೋಳ, ಅಕ್ಕಿ, ಬೇಳೆಗಳನ್ನು ಬಿಟ್ಟರೆ ನೋವು ಇಳಿಯುತ್ತದಂತೆ ಎಂಬ ಮಾತು ಯಾರಿಂದಲೋ ಬಂದಾಗ ಆಸೆ ಹುಟ್ಟುವುದು ಸಹಜ. ತ್ಯಾಗವೆಂಬುದು ನಮ್ಮ ಮನೆಗಳಿಗೆ ಹೊಸತಲ್ಲ. ಆದರೆ ಆ ಮಾತು ಎಷ್ಟರಮಟ್ಟಿಗೆ ನಿಜ, ದೇಹದ ಸಲುವಾಗಿ ಬಿಟ್ಟದ್ದು ವ್ರತವಾಗುವುದೇ, ಬಿಟ್ಟುದರ ಸ್ಥಾನದಲ್ಲಿ ಶ್ರಾವಕನು ಏನನ್ನು ಉಣ್ಣಬೇಕು, ಇವನ್ನು ವಿಚಾರಿಸದೆ ನಿಯಮ ತೆಗೆದುಕೊಳ್ಳತಕ್ಕದ್ದಲ್ಲ.

ಈ ವಿಚಾರಕ್ಕೆ ಮಳಖೇಡಕ್ಕಿಂತ ತಕ್ಕ ನೆಲವಿಲ್ಲ. ಕಾಗಿಣಾ ನದಿಯ ದಡದ ಈ ಊರು ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಆಹಾರ ಮತ್ತು ಔಷಧದ ಕುರಿತು ಒಂದು ವಾದ ನಡೆಯಿತೆಂದು ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ'ದಿಂದ ತಿಳಿಯುತ್ತದೆ. ಶ್ರೀನಂದಿಗಳ ಶಿಷ್ಯರಾದ ಈ ಆಚಾರ್ಯರು ಸಂಸ್ಕೃತದಲ್ಲಿ ರಚಿಸಿದ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಮಾಂಸವಿಲ್ಲದೆ ಬಲವಿಲ್ಲ, ಮಾಂಸರಸವಿಲ್ಲದೆ ಚಿಕಿತ್ಸೆಯಿಲ್ಲ ಎನ್ನುತ್ತಿದ್ದ ವೈದ್ಯರಿಗೆ ಉತ್ತರವಾಗಿ ಅವರು ರಾಜಸಭೆಯಲ್ಲಿ ಮಾಡಿದ ಪ್ರತಿಪಾದನೆಯು ಗ್ರಂಥದ ಕೊನೆಗೆ ಹಿತಾಹಿತಾಧ್ಯಾಯವೆಂಬ ಹೆಸರಿನಲ್ಲಿ ಸೇರಿದೆ. 1940ರಲ್ಲಿ ಈ ಗ್ರಂಥವು ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ಅಚ್ಚಾಯಿತು. ಪೂಜ್ಯಪಾದರ ಹೆಸರಿನಲ್ಲಿದ್ದ ಇನ್ನೊಂದು ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಅಹಿಂಸೆಯ ಎಲ್ಲೆಯೊಳಗೆ ನಿಂತು ಚಿಕಿತ್ಸೆ ಮಾಡುವುದು ಹೇಗೆಂಬ ಪ್ರಶ್ನೆ ಹೀಗೆ ಸಾವಿರದ ಇನ್ನೂರು ವರ್ಷ ಹಳೆಯದು. ಪಿಷ್ಟವಿಲ್ಲದ ಆಹಾರದ ವಿಷಯದಲ್ಲಿಯೂ ಅದೇ ಪ್ರಶ್ನೆ ಮರಳಿ ಬಂದು ನಿಲ್ಲುತ್ತದೆ.

ಪಿಷ್ಟವೆಂದರೆ ಧಾನ್ಯ, ಬೇಳೆ, ಗೆಡ್ಡೆಗಳಲ್ಲಿ ಸಸ್ಯವು ಕೂಡಿಟ್ಟ ಹಿಟ್ಟಿನ ಅಂಶ. ಜೋಳದ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇದೇ. ಸಾಬೂದಾನಿಯಂತೂ ಬರಿಯ ಪಿಷ್ಟ. ಇದನ್ನು ಬಿಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದವರು ಲಂಡನ್ನಿನ ಅಲನ್ ಎಬ್ರಿಂಜರ್. ಅವರು ನೋಡಿದ್ದು ಬೆನ್ನೆಲುಬಿನ ಕೀಲುಗಳು ಉರಿದು ಕ್ರಮೇಣ ಒಂದಕ್ಕೊಂದು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗವನ್ನು. ಇದು ಸಾಮಾನ್ಯವಾಗಿ ತಾರುಣ್ಯದಲ್ಲಿಯೇ ತಲೆದೋರುತ್ತದೆ; ವಿಶ್ರಾಂತಿಯಿಂದ ಹೆಚ್ಚಾಗುತ್ತದೆ, ಓಡಾಟದಿಂದ ಇಳಿಯುತ್ತದೆ. ಈ ರೋಗಿಗಳಲ್ಲಿ ಬಹುಪಾಲು ಜನರ ರಕ್ತಕಣಗಳಲ್ಲಿ ಎಚ್.ಎಲ್.ಎ.-ಬಿ27 ಎಂಬ ವಂಶಗತ ಗುರುತು ಇರುವುದು 1973ರಲ್ಲಿ ಗೊತ್ತಾಯಿತು. ಜೀರ್ಣವಾಗದ ಪಿಷ್ಟವು ದೊಡ್ಡ ಕರುಳಿಗೆ ಇಳಿದು ಕ್ಲೆಬ್ಸಿಯೆಲ್ಲಾ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸುತ್ತದೆ, ಅದರ ವಿರುದ್ಧ ದೇಹವು ಹುಟ್ಟಿಸಿದ ಪ್ರತಿಕಾಯಗಳು ಆ ಗುರುತುಳ್ಳ ಸ್ವಂತ ಅಂಗಾಂಶವನ್ನೇ ಶತ್ರುವೆಂದು ಭ್ರಮಿಸುತ್ತವೆ ಎಂಬುದು ಎಬ್ರಿಂಜರರ ಊಹೆ. ಪಿಷ್ಟ ಕಡಿಮೆ ಮಾಡಿದವರಲ್ಲಿ ಉರಿಯೂತದ ರಕ್ತಪರೀಕ್ಷೆಗಳು ಇಳಿದವೆಂದು ಅವರು 1996ರಲ್ಲಿ ಪ್ರಕಟಿಸಿದರು. ಆದರೆ ಪಥ್ಯ ಮಾಡದ ಇನ್ನೊಂದು ಗುಂಪಿನೊಡನೆ ಹೋಲಿಸಿ ಇದನ್ನು ದೃಢಪಡಿಸಿದ ದೊಡ್ಡ ಪರೀಕ್ಷೆಗಳಿಲ್ಲ. ವೈದ್ಯರಲ್ಲಿ ಹೆಚ್ಚಿನವರು ಇದನ್ನು ಸಿದ್ಧಾಂತವೆಂದು ಒಪ್ಪಿಲ್ಲ. ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಇಲ್ಲ ಎಂಬಷ್ಟೇ ಹೇಳಬಹುದು.

ಕೈಬೆರಳು, ಮಣಿಕಟ್ಟು ಮೊದಲಾದ ಕೀಲುಗಳನ್ನು ಎರಡೂ ಬದಿಯಲ್ಲಿ ಹಿಡಿಯುವ ರುಮಟಾಯ್ಡ್ ಸಂಧಿವಾತವು ಬೇರೆ ರೋಗ. ನಮ್ಮ ವೈದ್ಯರು ಇದನ್ನು ಆಮವಾತಕ್ಕೆ ಹೋಲಿಸುತ್ತಾರೆ. ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕ ಪ್ರಕರಣವುಂಟು. ಚಕ್ರದತ್ತದಲ್ಲಿ ಅದರ ಚಿಕಿತ್ಸೆಯ ಮೊದಲ ಹೆಜ್ಜೆ ಲಂಘನ, ಅಂದರೆ ಉಪವಾಸ. ಇಲ್ಲಿ ಆಧುನಿಕ ಪರೀಕ್ಷೆಗಳು ಸ್ವಲ್ಪ ಗಟ್ಟಿಯಾಗಿವೆ. 1979ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಗಳಿಗೆ ಏಳರಿಂದ ಹತ್ತು ದಿನ ಉಪವಾಸ ಮಾಡಿಸಿದಾಗ ಊತ, ನೋವು ಇಳಿದವು. ಊಟ ಆರಂಭಿಸಿದ ಮೇಲೆ ಮರಳಿದವು. 1991ರಲ್ಲಿ ನಾರ್ವೆಯ ವೈದ್ಯರು ಅಂಥದೇ ಉಪವಾಸದ ನಂತರ ಒಂದು ವರ್ಷ ಶಾಕಾಹಾರ ಕೊಟ್ಟರು. ಮೊದಲ ಮೂರೂವರೆ ತಿಂಗಳು ಗೋಧಿಯ ಅಂಟು ಮತ್ತು ಹಾಲು ಇರಲಿಲ್ಲ. ಒಂದೊಂದೇ ಪದಾರ್ಥವನ್ನು ಮರಳಿ ಕೊಟ್ಟು, ಎರಡು ದಿನದೊಳಗೆ ನೋವು ಹೆಚ್ಚಿದರೆ ಅದನ್ನು ಬಿಡಿಸಿದರು. ಸಾಮಾನ್ಯ ಆಹಾರ ಉಂಡ ಗುಂಪಿಗಿಂತ ಈ ಗುಂಪಿನವರಿಗೆ ಹೆಚ್ಚಿನ ಗುಣ ಕಂಡು, ವರ್ಷದ ಕೊನೆಯವರೆಗೂ ನಿಂತಿತು. ಆ ಉಪವಾಸದ ದಿನಗಳ ಪಾನೀಯದಲ್ಲಿ ಬೆಳ್ಳುಳ್ಳಿ, ಆಲೂಗಡ್ಡೆಯ ಕಷಾಯಗಳಿದ್ದವು ಎಂಬುದನ್ನೂ ಹೇಳಿಬಿಡಬೇಕು. ಪರದೇಶದ ಪಥ್ಯವನ್ನು ಹಾಗೆಯೇ ಎತ್ತಿಕೊಳ್ಳಲಾಗದು.

ಇನ್ನು ವ್ರತದ ಮಾತು. ತತ್ತ್ವಾರ್ಥಸೂತ್ರವು ವ್ರತಿಯಾದವನು ನಿಃಶಲ್ಯನಾಗಿರಬೇಕೆನ್ನುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ತಪಸ್ಸಿನಿಂದ ಲೌಕಿಕ ಫಲವನ್ನು ಬಯಸುವುದು. (ವೈದ್ಯಶಾಸ್ತ್ರದಲ್ಲಿ ಅದೇ ಶಬ್ದಕ್ಕೆ ರೋಗದ ಕಾರಣವೆಂಬ ಅರ್ಥವಿರುವುದು ವಿಚಿತ್ರ ಹೊಂದಾಣಿಕೆ.) ಮಂಡಿನೋವು ಹೋಗಲೆಂದು ಧಾನ್ಯ ಬಿಟ್ಟು, ಅದನ್ನೇ ರಸಪರಿತ್ಯಾಗ ತಪವೆಂದು ಎಣಿಸಿಕೊಂಡರೆ ಆ ಶಲ್ಯವು ಚುಚ್ಚದೆ ಬಿಡದು. ಹಾಗಾದರೆ ರೋಗಿಯ ತ್ಯಾಗಕ್ಕೆ ಬೆಲೆಯೇ ಇಲ್ಲವೇ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಇದಕ್ಕೆ ದಾರಿ ತೋರಿಸಿದೆ. ತನಗೆ ಅನಿಷ್ಟವಾದುದನ್ನು ಬಿಡಬೇಕು, ಸೇವಿಸಲು ಅಯೋಗ್ಯವಾದುದನ್ನೂ ಬಿಡಬೇಕು, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತ ಎಂಬುದು ಅಲ್ಲಿನ ಭಾವ. ಅನಿಷ್ಟವೆಂದರೆ ಭಕ್ಷ್ಯವಾಗಿದ್ದರೂ ತನ್ನ ಶರೀರಕ್ಕೆ ಒಗ್ಗದ್ದು. ಆದುದರಿಂದ ಒಗ್ಗದ ಧಾನ್ಯವನ್ನು ಬಿಡುವುದು ಮೊದಲು ಪಥ್ಯ. ಅದರ ಜೊತೆಗೆ ರುಚಿಯ ಲಾಲಸೆಯನ್ನು ಅರಿತು ಬಿಟ್ಟರೆ ಅಷ್ಟರಮಟ್ಟಿಗೆ ವ್ರತ. ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆಯದಿದ್ದರೆ ಸಾಕು. ನೋವು ಶಮನವಾಗಲೆಂದು ಯತ್ನಿಸುವುದೇ ದೋಷವೆಂದು ಹೆದರುವ ಅಗತ್ಯವಿಲ್ಲ. ವೇದನೆಯನ್ನೇ ಹಗಲಿರುಳು ನೆನೆಯುವುದು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದಾಗಿದೆ.

ಸಮಂತಭದ್ರರ ಚರಿತೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವುಂಟು. ಅವರಿಗೆ ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ವ್ಯಾಧಿ ಬಂದಿತೆಂದೂ, ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಒಪ್ಪದೆ, ಮೊದಲು ರೋಗವನ್ನು ಕಳೆದುಕೊಂಡು ಪುನಃ ದೀಕ್ಷೆ ತೆಗೆದುಕೊಳ್ಳಲು ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಮಹಾವ್ರತಿಗೇ ಹೀಗಿದ್ದರೆ, ಅಣುವ್ರತಿಯಾದ ಗೃಹಸ್ಥನು ರೋಗಕಾಲದಲ್ಲಿ ಉಪವಾಸದ ಸಂಖ್ಯೆಗೆ ಹಟ ಹಿಡಿಯುವುದು ಯಾವ ನ್ಯಾಯ?

ಈಗ ಅಡಿಗೆಮನೆಗೆ ಬರೋಣ. ಎಬ್ರಿಂಜರರ ಪಥ್ಯದಲ್ಲಿ ಧಾನ್ಯದ ಸ್ಥಾನವನ್ನು ಮಾಂಸ, ಮೀನು, ಮೊಟ್ಟೆಗಳು ತುಂಬುತ್ತವೆ. ಶ್ರಾವಕನಿಗೆ ಆ ಬಾಗಿಲು ಮುಚ್ಚಿದೆ. ಕಂದಮೂಲಗಳನ್ನು ಅನಂತಕಾಯವೆಂದು ಬಿಟ್ಟಿರುವುದರಿಂದ ಆಲೂಗಡ್ಡೆ, ಗೆಣಸುಗಳ ಪಿಷ್ಟ ನಮ್ಮಲ್ಲಿ ಮೊದಲೇ ಇಲ್ಲ, ಇದು ಅನುಕೂಲ. ಆದರೆ ಆಲೂಗಡ್ಡೆಯ ಬದಲು ಹಸಿ ಬಾಳೆಕಾಯಿಯನ್ನು ಬಳಸುವ ನಮ್ಮ ರೂಢಿಯು ಇಲ್ಲಿ ಮೋಸ ಮಾಡುತ್ತದೆ. ಬಾಳೆಕಾಯಿ ಹಣ್ಣಾಗುವವರೆಗೆ ಪಿಷ್ಟದ ಗಂಟೇ ಸರಿ. ಸಂಶಯವಿದ್ದರೆ ಪದಾರ್ಥದ ತುಣುಕೊಂದಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಬಹುದು. ಕಡುನೀಲಿಗೆ ತಿರುಗಿದರೆ ಪಿಷ್ಟವಿದೆ. ಆ ತುಣುಕನ್ನು ತಿನ್ನದೆ ಚೆಲ್ಲಬೇಕು.

ಮಳಖೇಡ, ಸೇಡಂ, ಚಿತ್ತಾಪುರದ ಕಡೆ ಊಟವೆಂದರೆ ಜೋಳದ ರೊಟ್ಟಿ ಮತ್ತು ತೊಗರಿ ಬ್ಯಾಳಿ. ಎರಡೂ ಹೋದರೆ ತಟ್ಟೆ ಬರಿದಾದಂತೆ ಕಾಣುತ್ತದೆ. ಆದರೂ ಈ ಸೀಮೆಯಲ್ಲಿಯೇ ಉಪಾಯವಿದೆ. ಶೇಂಗಾದಲ್ಲಿ ನೂರು ಗ್ರಾಮಿಗೆ ಸುಮಾರು 25 ಗ್ರಾಂ ಸಸಾರಜನಕವಿದ್ದು ಪಿಷ್ಟ ಅಲ್ಪ. ಅಗಸಿ, ಗುರೆಳ್ಳು, ಎಳ್ಳಿನ ಹಿಂಡಿಗಳು, ಒಣಕೊಬ್ಬರಿ, ಮನೆಯಲ್ಲಿ ಹಾಲು ಒಡೆಸಿ ತೆಗೆದ ಪನೀರು, ಮರ್ಯಾದೆಯೊಳಗಿನ ಮೊಸರು, ತುಪ್ಪ ಇವುಗಳಿಂದ ಬಲ ಬರುತ್ತದೆ. ಹೀರೆ, ಸೋರೆ, ಪಡವಲ, ಹಾಗಲ, ಮೆಂತ್ಯೆ, ಪುಂಡಿಪಲ್ಯಗಳಿಗೆ ಕಡಲೆಹಿಟ್ಟು ಬೆರೆಸದೆ ಶೇಂಗಾಪುಡಿ ಹಾಕಿ ಬೇಯಿಸಬಹುದು. ಹಾಲು ಯಾರಿಗೆ ನೋವು ಹೆಚ್ಚಿಸುತ್ತದೆಯೋ ಅವರ ದಾರಿ ಇನ್ನೂ ಇಕ್ಕಟ್ಟು. ಅಂಥವರು ಈ ಪಥ್ಯಕ್ಕೆ ಕೈಹಾಕದಿರುವುದೇ ಲೇಸು. ಮಳೆಗಾಲದಲ್ಲಿ ಸೊಪ್ಪು, ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿ ಬಿಟ್ಟ ಮನೆಗಳಲ್ಲಿ ಪಿಷ್ಟವನ್ನೂ ಬಿಟ್ಟರೆ ಉಳಿಯುವುದು ಹಾಲು, ಶೇಂಗಾ ಮಾತ್ರ. ಆದುದರಿಂದ ಚಾತುರ್ಮಾಸ ಕಳೆದು ಕಾರ್ತಿಕದ ನಂತರ ಆರಂಭಿಸುವುದು ಯುಕ್ತ.

ಅಪಾಯದ ವಿಷಯವನ್ನು ಮುಚ್ಚಿಡತಕ್ಕದ್ದಲ್ಲ. ಉರಿಯೂತವು ಕೀಲನ್ನು ಒಳಗೊಳಗೇ ಸವೆಸುತ್ತದೆ. ನೋವು ಇಳಿಯಿತೆಂದರೆ ಸವೆತ ನಿಂತಿತೆಂದಲ್ಲ. ಈ ಸವೆತವನ್ನು ತಡೆಯುವ ಔಷಧಗಳು ಇಂದು ಇವೆ. ಪಥ್ಯವು ಅವುಗಳ ಜೊತೆಗಿರಬೇಕೇ ಹೊರತು ಬದಲಿಗಲ್ಲ. ದಶಲಕ್ಷಣ ಪರ್ವದ ಹತ್ತು ಉಪವಾಸಕ್ಕೆಂದು ಸ್ಟಿರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ನೋವಿನ ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟ ಬಿಟ್ಟ ದಿನವೇ ಸಕ್ಕರೆ ಇಳಿದು ಮೂರ್ಛೆ ಹೋಗಬಹುದು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಮೊದಲೇ ಕೃಶರಾದವರು ಇದನ್ನು ಮಾಡಬಾರದು. ರಾತ್ರಿಭೋಜನ ತ್ಯಾಗವುಳ್ಳವರು ರಾತ್ರಿಯ ಮಾತ್ರೆಯನ್ನು ಸೂರ್ಯಾಸ್ತದ ಮೊದಲೇ ಹೊಂದಿಸಿಕೊಡಲು ವೈದ್ಯರನ್ನು ಕೇಳಬೇಕು. ಬಹಳಷ್ಟು ಔಷಧಗಳಲ್ಲಿ ಅದು ಸಾಧ್ಯ. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ನಿನದು. ಅದರ ಬದಲು ಗುಳಿಗೆ ಸಿಗುವುದೇ ಎಂದು ವಿಚಾರಿಸಬೇಕು, ಆದರೆ ವಿಚಾರಿಸುವವರೆಗೆ ತಾನಾಗಿ ನಿಲ್ಲಿಸಬಾರದು. ಮಾತ್ರೆಯಲ್ಲಿ ಕೂಡಿಕೆಗಾಗಿ ಸೇರಿಸಿರುವ ಲವಲೇಶ ಪಿಷ್ಟಕ್ಕೆ ಹೆದರಬೇಕಾಗಿಲ್ಲ.

ಶ್ರಾವಕಾಚಾರವು ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ, ಯಾವಜ್ಜೀವದ ತ್ಯಾಗವನ್ನು ಯಮವೆಂದೂ ಹೇಳಿದೆ. ಧಾನ್ಯತ್ಯಾಗವನ್ನು ಯಮವಾಗಿ ತೆಗೆದುಕೊಳ್ಳಬಾರದು. ವೈದ್ಯರಿಗೆ ತಿಳಿಸಿ, ತೂಕ ಮತ್ತು ರಕ್ತಪರೀಕ್ಷೆ ಮಾಡಿಸಿಕೊಂಡು, ಮೂರು ತಿಂಗಳ ನಿಯಮ ಸಾಕು. ಔಷಧಕ್ಕೂ ಅದರ ಅನುಪಾನಕ್ಕೂ ಆಗಾರ, ದೇಹ ತಾಳದಿದ್ದರೆ ಬಿಡಲು ಆಗಾರ, ಎಂದು ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿಕೊಂಡರೆ ನಡುವೆ ಬಿಟ್ಟಾಗ ವ್ರತಭಂಗದ ಕಳವಳವಿರದು. ಮನೆಯವರಿಗೆ ಎಂದಿನ ರೊಟ್ಟಿ ಇರಲಿ. ಒಬ್ಬರ ಪಥ್ಯಕ್ಕೆ ಮನೆಮಂದಿಯನ್ನೆಲ್ಲ ಕಟ್ಟಿಹಾಕುವುದು, ಅದರಲ್ಲಿಯೂ ಎರಡು ಅಡಿಗೆಯ ಭಾರವನ್ನು ನೋವುಂಡ ಸೊಸೆಯ ಮೇಲೆಯೇ ಹೊರಿಸುವುದು ತರವಲ್ಲ. ಬೆಳಗ್ಗೆ ಬೆರಳು ಸಡಿಲಾಗಲು ಎಷ್ಟು ನಿಮಿಷ ಬೇಕಾಯಿತೆಂದು ದಿನವೂ ಒಂದು ವಹಿಯಲ್ಲಿ ಬರೆದಿಡಬೇಕು. ಮೂರು ತಿಂಗಳಾದರೂ ನಿಮಿಷಗಳು ಇಳಿಯದಿದ್ದರೆ ಈ ಪಥ್ಯವು ಆ ದೇಹಕ್ಕೆ ಸಲ್ಲದೆಂದು ತಿಳಿದು ಎಂದಿನ ಊಟಕ್ಕೆ ಮರಳತಕ್ಕದ್ದು. ಇಳಿದಿದ್ದರೆ ಮೊದಲು ಹೆಸರುಬೇಳೆ, ಎರಡು ದಿನ ಬಿಟ್ಟು ಅಕ್ಕಿ, ಮತ್ತೆರಡು ದಿನ ಬಿಟ್ಟು ಜೋಳ, ಕೊನೆಗೆ ಗೋಧಿ, ಹೀಗೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಮರಳಿ ತಂದು ವಹಿಯನ್ನು ನೋಡಬೇಕು. ಯಾವುದು ನಿಮಿಷಗಳನ್ನು ಏರಿಸಿತೋ ಅದೊಂದನ್ನು ಮಾತ್ರ ಬದಿಗಿಟ್ಟು, ಉಳಿದುದನ್ನು ಮೊದಲಿನಂತೆ ಉಣ್ಣಬಹುದು.