ಚೌಕಟ್ಟಿನ ಒಳಗೂ ಹೊರಗೂ: ಚಲಚ್ಚಿತ್ರ ಸಂಕಲನದಲ್ಲಿ ಅಂಚು ಕತ್ತರಿಸುವ ಕ್ರಮ

ಹಳೆಯ ವಿದ್ಯಾಸಂಸ್ಥೆಯೊಂದರ ಕಪಾಟನ್ನು ಇಂದು ತೆರೆದರೆ ಮೂರು ಕಾಲದ ಚಲಚ್ಚಿತ್ರಗಳು ಒಂದೆಡೆ ದೊರೆಯುತ್ತವೆ. ೧೯೮೦ರ ದಶಕದಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟುಗಳ ಮೇಲೆ ತೆಗೆದ ವಾರ್ಷಿಕ ಸ್ನೇಹಸಮ್ಮೇಳನ, ಬಸವ ಜಯಂತಿಯ ಮೆರವಣಿಗೆ, ಪ್ರಸಾದ ನಿಲಯದ ಅಡಿಗಲ್ಲು ಸಮಾರಂಭಗಳು ಮೊದಲನೆಯವು. ಅಗಲ ತೆರೆಯ ಡಿಜಿಟಲ್ ಕ್ಯಾಮೆರಾದಿಂದ ಬಂದವು ಎರಡನೆಯವು. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ನೀಳ ಚಿತ್ರಗಳು ಮೂರನೆಯವು. ಅಮೃತ ಮಹೋತ್ಸವವೋ ಸ್ಮರಣ ಸಂಪುಟದ ಬಿಡುಗಡೆಯೋ ಒದಗಿದಾಗ ಇವೆಲ್ಲವನ್ನೂ ಪೋಣಿಸಿ ಅರ್ಧ ಗಂಟೆಯ ಚಿತ್ರವೊಂದನ್ನು ಸಿದ್ಧಪಡಿಸುವ ಹೊಣೆ ಒಬ್ಬ ಅಧ್ಯಾಪಕರ ಅಥವಾ ಉತ್ಸಾಹಿ ಹಳೆಯ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಅವರಿಗೆ ಎದುರಾಗುವ ಮೊದಲ ತೊಡಕು ಬಣ್ಣದ್ದಲ್ಲ, ಧ್ವನಿಯದೂ ಅಲ್ಲ, ಆಕಾರದ್ದು. ಒಂದು ಬಗೆಯ ಚೌಕಟ್ಟಿನಲ್ಲಿ ಹುಟ್ಟಿದ ಚಿತ್ರವನ್ನು ಇನ್ನೊಂದು ಬಗೆಯ ಚೌಕಟ್ಟಿನೊಳಗೆ ಕೂರಿಸುವುದು ಹೇಗೆ? ಕೂರಿಸುವಾಗ ಬಿಟ್ಟುಹೋಗುವ ಭಾಗ ಯಾವುದು, ಅದನ್ನು ಬಿಡಲು ತೀರ್ಮಾನಿಸಿದವರು ಯಾರು? ಈ ಪ್ರಶ್ನೆಗಳೇ ಪ್ರಸ್ತುತ ಲೇಖನದ ವಿಷಯ.

ಸಂಕಲನ ತಂತ್ರಾಂಶಗಳಲ್ಲಿ 'ಕ್ರಾಪ್' ಎಂದು ಕರೆಯುವ ಕ್ರಿಯೆಗೂ 'ರೀಫ್ರೇಮ್' ಎಂದು ಕರೆಯುವ ಕ್ರಿಯೆಗೂ ವ್ಯತ್ಯಾಸವಿದೆ. ಹೊಸಬರು ಎರಡನ್ನೂ ಒಂದೇ ಎಂದು ಭಾವಿಸಿ ತಪ್ಪುವುದುಂಟು. ಕ್ರಾಪ್ ಎಂದರೆ ಚಿತ್ರದ ಅಂಚನ್ನು ಮರೆಮಾಡುವುದು. ಕಿಟಕಿಗೆ ಪರದೆ ಎಳೆದಂತೆ ಅದು. ಚಿತ್ರ ಇದ್ದಲ್ಲಿಯೇ, ಇದ್ದ ಗಾತ್ರದಲ್ಲಿಯೇ ನಿಂತಿರುತ್ತದೆ, ಮರೆಯಾದ ಜಾಗ ಕಪ್ಪಾಗಿ ಉಳಿಯುತ್ತದೆ. ಮರುಚೌಕಟ್ಟು ಹಾಕುವುದೆಂದರೆ ಚಿತ್ರವನ್ನೇ ಹಿಗ್ಗಿಸಿ, ಅತ್ತಿತ್ತ ಸರಿಸಿ, ಬೇಕಾದ ಭಾಗ ಮಾತ್ರ ತೆರೆಯೊಳಗೆ ಬೀಳುವಂತೆ ಮಾಡುವುದು. ಕೆಡೆನ್‌ಲೈವ್‌ನಂಥ ಉಚಿತ ತಂತ್ರಾಂಶದಿಂದ ಹಿಡಿದು ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೋಗಳವರೆಗೆ ಎಲ್ಲದರಲ್ಲಿಯೂ ಇವೆರಡಕ್ಕೆ ಅನುಕೂಲವಿದೆ. ಎರಡರಿಂದಲೂ ಮೂಲ ಕಡತಕ್ಕೆ ಏನೂ ಆಗುವುದಿಲ್ಲ; ಎಷ್ಟು ಮರೆಸಬೇಕು, ಎತ್ತ ಸರಿಸಬೇಕು ಎಂಬ ಸೂಚನೆಯನ್ನಷ್ಟೇ ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ. ಹೊಸ ಕಡತವನ್ನು ಹೊರತೆಗೆದು, ಇನ್ನು ಹಳೆಯದೇಕೆ ಎಂದು ಮೂಲವನ್ನು ಅಳಿಸಿದ ಗಳಿಗೆಯಲ್ಲಿಯೇ ಕತ್ತರಿ ನಿಜವಾಗಿ ಬೀಳುವುದು.

ಈ ತೊಡಕು ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ೧೮೯೨ರ ಸುಮಾರಿಗೆ ಅಮೆರಿಕದ ಎಡಿಸನ್ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತ ೩೫ ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ನಾಲ್ಕು ರಂಧ್ರಗಳಷ್ಟು ಎತ್ತರದ ಚಿತ್ರವನ್ನು ಕೂರಿಸಿದಾಗ, ಅಗಲ ನಾಲ್ಕು ಎತ್ತರ ಮೂರು ಎಂಬ ಪ್ರಮಾಣ ರೂಢಿಗೆ ಬಂದಿತು. ಮುಂದೆ ದೂರದರ್ಶನವೂ ಅದನ್ನೇ ಸ್ವೀಕರಿಸಿತು. ಮನೆಯ ಪೆಟ್ಟಿಗೆಯೆದುರು ಕುಳಿತುಬಿಟ್ಟ ಜನರನ್ನು ಚಿತ್ರಮಂದಿರಕ್ಕೆ ಮರಳಿ ಸೆಳೆಯಲೆಂದು ಹಾಲಿವುಡ್ ೧೯೫೩ರಲ್ಲಿ 'ದಿ ರೋಬ್' ಚಿತ್ರದ ಮೂಲಕ ಸಿನೆಮಾಸ್ಕೋಪನ್ನು ತಂದಿತು. ಅದರ ಅಗಲ ಎತ್ತರದ ೨.೫೫ ಪಟ್ಟು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ ೧೯೫೯ರ 'ಕಾಗಜ್ ಕೇ ಫೂಲ್'. ಅದರ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಖಾಲಿ ಸ್ಟುಡಿಯೋದೊಳಗೆ ಬೆಳಕಿನ ಕೋಲೊಂದು ಇಳಿದು, ಇಬ್ಬರು ದೂರ ದೂರ ನಿಂತಿರುವ ಆ ಚಿತ್ರದ ಪ್ರಖ್ಯಾತ ದೃಶ್ಯದಲ್ಲಿ ನಡುವಿನ ಬರಿದಾದ ಜಾಗವೇ ಅರ್ಥವನ್ನು ಹೊತ್ತಿದೆ. ಎರಡು ಪಕ್ಕಗಳನ್ನು ಕತ್ತರಿಸಿದರೆ ಬೆಳಕು ಉಳಿದೀತು, ಅಗಲಿಕೆ ಉಳಿಯದು. ಕನ್ನಡದಲ್ಲಿ ಸಿನೆಮಾಸ್ಕೋಪ್ ೧೯೭೭ರ 'ಸೊಸೆ ತಂದ ಸೌಭಾಗ್ಯ'ದಿಂದ ಆರಂಭವಾಯಿತು.

ಇಂಥ ಚಿತ್ರಗಳನ್ನು ದೂರದರ್ಶನದ ತೆರೆಗೆ ತರುವಾಗ ಎರಡು ದಾರಿಗಳಿದ್ದವು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಚಿತ್ರವನ್ನು ತೋರಿಸುವುದು ಒಂದು. ತೆರೆಯ ಭಾಗ ಖಾಲಿ ಕಂಡರೆ ನೋಡುಗರು ಗೊಣಗುವರೆಂಬ ಅಂಜಿಕೆಯಿಂದ ಎರಡನೆಯದೇ ಬಹುಕಾಲ ಬಳಕೆಯಲ್ಲಿದ್ದಿತು: ಎತ್ತರವನ್ನು ತುಂಬಿಸಿ, ಅಗಲದಲ್ಲಿ ಸುಮಾರು ಅರ್ಧವನ್ನು ಬಿಟ್ಟುಕೊಟ್ಟು, ಉಳಿದರ್ಧದ ಕಿಟಕಿಯನ್ನು ಮಾತನಾಡುವವರ ಕಡೆಗೆ ಸರಿಸುತ್ತ ಹೋಗುವುದು. 'ಪ್ಯಾನ್ ಅಂಡ್ ಸ್ಕ್ಯಾನ್' ಎಂದು ಅದರ ಹೆಸರು. ೧೯೫೪ರ 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್' ಏಳು ಮಂದಿ ಸೋದರರು ಸಾಲಾಗಿ ನಿಂತು ಕುಣಿಯುವ ಚಿತ್ರ. ಈ ಕ್ರಮದಲ್ಲಿ ಆ ಸಾಲು ಪೂರ್ತಿಯಾಗಿ ಕಾಣುವಂತಿರಲಿಲ್ಲ. ನಿರ್ದೇಶಕ ಸಿಡ್ನಿ ಪೊಲಾಕ್ ತಮ್ಮ 'ತ್ರೀ ಡೇಸ್ ಆಫ್ ದಿ ಕಾಂಡರ್' ಚಿತ್ರವನ್ನು ಹೀಗೆ ತೋರಿಸಿದ್ದು ಕೃತಿಯ ಅಂಗಚ್ಛೇದವೆಂದು ೧೯೯೦ರ ದಶಕದಲ್ಲಿ ಡೆನ್ಮಾರ್ಕಿನ ದೂರದರ್ಶನದ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಇಂದು ಸ್ಥಿತಿ ತಿರುವುಮುರುವಾಗಿದೆ. ಮನೆಯ ತೆರೆ ೧೬ಕ್ಕೆ ೯ರ ಪ್ರಮಾಣದ್ದು. ಹಳೆಯ ೪ಕ್ಕೆ ೩ರ ಚಿತ್ರದಿಂದ ಅದನ್ನು ತುಂಬಿಸಬೇಕಾದರೆ ಎತ್ತರದಲ್ಲಿ ಕಾಲುಭಾಗವನ್ನು ಕಳೆಯಬೇಕು. ಭಾರತದಲ್ಲಿ ಬಳಕೆಯಲ್ಲಿದ್ದ 'ಪಾಲ್' ಪದ್ಧತಿಯಲ್ಲಿ ಚಿತ್ರದ ಗೆರೆಗಳು ೫೭೬. ಕತ್ತರಿಸಿದ ಮೇಲೆ ಉಳಿಯುವುವು ೪೩೨. ಆ ೪೩೨ನ್ನು ೧೦೮೦ ಗೆರೆಗಳ ತೆರೆಗೆ ಹಿಗ್ಗಿಸುವುದೆಂದರೆ ಎರಡೂವರೆ ಪಟ್ಟು ಎಳೆದಂತಾಯಿತು. ವಿ.ಎಚ್.ಎಸ್. ಚಿತ್ರ ಮೊದಲೇ ತೆಳುವಾದದ್ದು. ಹೀಗೆ ಎಳೆದಾಗ ಮುಖಗಳು ಗುರುತು ಸಿಗದಷ್ಟು ಮಸುಕಾಗುತ್ತವೆ. ಇದಕ್ಕಿಂತ ಎರಡು ಪಕ್ಕಗಳಲ್ಲಿ ೨೪೦ ಬಿಂದುಗಳಷ್ಟು ಕಪ್ಪು ಪಟ್ಟಿ ಬಿಟ್ಟು, ನಡುವೆ ೧೪೪೦ ಬಿಂದುಗಳ ಅಗಲದಲ್ಲಿ ಹಳೆಯ ಚಿತ್ರವನ್ನು ಇಡಿಯಾಗಿ ನಿಲ್ಲಿಸುವುದೇ ಲೇಸು. ಕಪ್ಪು ಪಟ್ಟಿ ಕಂಡು ನಾಚಬೇಕಾದುದಿಲ್ಲ. ಅಗಲಕ್ಕೆ ಮಾತ್ರ ಎಳೆದು ತೆರೆ ತುಂಬಿಸುವ ಪದ್ಧತಿಯಂತೂ ಕೂಡದು. ತೆಳ್ಳಗಿನ ಗುರುಗಳು ಸ್ಥೂಲಕಾಯರಾಗಿ, ತೇರಿನ ಗಾಲಿ ಅಂಡಾಕಾರವಾಗಿ ತೋರುವುದು ಇದರಿಂದಲೇ.

ಆದರೂ ಹಳೆಯ ಕ್ಯಾಸೆಟ್ಟಿನ ಚಿತ್ರದಲ್ಲಿ ಸ್ವಲ್ಪ ಕತ್ತರಿಸಲೇಬೇಕಾದ ಭಾಗವಿದೆ. ಚೌಕಟ್ಟಿನ ತಳದಲ್ಲಿ ಕೆಲವು ಗೆರೆಗಳು ಹರಿದಂತೆ ಅದುರುತ್ತಿರುತ್ತವೆ. ಇದು ಕ್ಯಾಸೆಟ್ಟು ಕೆಟ್ಟಿರುವುದರ ಲಕ್ಷಣವಲ್ಲ. ಯಂತ್ರದ ಓದುವ ತಲೆಗಳು ಒಂದರಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಿಂದಿನ ಟಿ.ವಿ.ಗಳು ಚಿತ್ರದ ನಾಲ್ಕೂ ಅಂಚುಗಳನ್ನು ಒಂದಿಷ್ಟು ನುಂಗಿಬಿಡುತ್ತಿದ್ದುದರಿಂದ ಆ ಗೆರೆಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವನ್ನು ಕ್ರಾಪ್ ಮಾಡಿ ಮರೆಮಾಡಬಹುದು, ಅಷ್ಟಕ್ಕೆ ನಿಲ್ಲಿಸತಕ್ಕದ್ದು. ಇಲ್ಲಿ ಕ್ರಮವೂ ಮುಖ್ಯ. ಆ ಕಾಲದ ಚಿತ್ರದಲ್ಲಿ ಬೆಸಗೆರೆಗಳೂ ಸಮಗೆರೆಗಳೂ ಬೇರೆ ಬೇರೆ ಕ್ಷಣಗಳಲ್ಲಿ ಹಿಡಿದವು. ಸೆಕೆಂಡಿಗೆ ೫೦ ಅರ್ಧಚಿತ್ರಗಳು ಹೆಣೆದುಕೊಂಡು ೨೫ ಪೂರ್ಣಚಿತ್ರಗಳಾಗುತ್ತವೆ. ಈ ಹೆಣಿಗೆಯನ್ನು ಬಿಡಿಸುವ 'ಡಿಇಂಟರ್‌ಲೇಸ್' ಕ್ರಿಯೆ ಮೊದಲು ನಡೆಯಬೇಕು. ಹಿಗ್ಗಿಸುವುದೂ ಸರಿಸುವುದೂ ಅನಂತರ. ಮೊದಲೇ ಹಿಗ್ಗಿಸಿದರೆ ಗೆರೆಗಳು ಒಂದರೊಳಗೊಂದು ಕಲೆತು, ಕೈ ಬೀಸುವ ಮಕ್ಕಳ ಬೆರಳುಗಳೆಲ್ಲ ಬಾಚಣಿಗೆಯ ಹಲ್ಲಿನಂತಾಗುತ್ತವೆ. ಮುಂದೆ ಅದನ್ನು ಸರಿಪಡಿಸುವುದು ಕಷ್ಟ.

ಮೊಬೈಲಿಗಾಗಿ ಅಗಲ ಚಿತ್ರವನ್ನು ನೀಳವಾಗಿ ಕತ್ತರಿಸುವುದು ಇದಕ್ಕಿಂತ ಕಠಿಣವಾದ ಪರೀಕ್ಷೆ. ೧೯೨೦ ಬಿಂದು ಅಗಲ, ೧೦೮೦ ಬಿಂದು ಎತ್ತರದ ಚಿತ್ರದಿಂದ ೯ಕ್ಕೆ ೧೬ರ ಪಟ್ಟಿಯನ್ನು ತೆಗೆದರೆ ದೊರೆಯುವ ಅಗಲ ಸುಮಾರು ೬೦೮ ಬಿಂದು. ಅಂದರೆ ಚಿತ್ರದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊರಗೆ ಹೋಯಿತು. ಉಳಿದ ಪಟ್ಟಿಯನ್ನು ತೆರೆಯ ಗಾತ್ರಕ್ಕೆ ಹಿಗ್ಗಿಸಿದಾಗ ಪ್ರತಿಯೊಂದು ಬಿಂದುವೂ ಮೂರು ಬಿಂದುಗಳ ಕೆಲಸ ಮಾಡಬೇಕಾಗುತ್ತದೆ. ೩೮೪೦ಕ್ಕೆ ೨೧೬೦ರ ಗಾತ್ರದಲ್ಲಿ ಚಿತ್ರೀಕರಿಸಿದ್ದರೆ ೧೨೧೫ ಬಿಂದು ಅಗಲದ ಪಟ್ಟಿ ದೊರೆತು ಮಸುಕಿನ ತೊಂದರೆ ತಪ್ಪುತ್ತದೆ. ಹೊರಗುಳಿಯುವ ಪಾಲು ಮಾತ್ರ ಅಷ್ಟೇ. ಕ್ಯಾಮೆರಾದ ಬೆಲೆ ಏರಿದ ಮಾತ್ರಕ್ಕೆ ಚೌಕಟ್ಟಿನ ಲೆಕ್ಕ ಬದಲಾಗುವುದಿಲ್ಲ.

ನೀಳ ಚೌಕಟ್ಟನ್ನು ಸುಮ್ಮನೆ ಹಳಿಯುವುದೂ ಸರಿಯಲ್ಲ. ಮೆರವಣಿಗೆಯ ನಂದಿಕೋಲು ಅಗಲ ತೆರೆಯಲ್ಲಿ ಯಾವಾಗಲೂ ಇಕ್ಕಟ್ಟಿಗೆ ಸಿಕ್ಕುತ್ತದೆ: ಹೊತ್ತವನು ಕಂಡರೆ ಕೋಲಿನ ತುದಿ ಕಾಣದು, ತುದಿ ಕಂಡರೆ ಹೊತ್ತವನು ಹುಳುವಿನಂತೆ ಕಾಣುತ್ತಾನೆ. ನೆಟ್ಟಗೆ ಹಿಡಿದ ಮೊಬೈಲು ಅದಕ್ಕೆ ತಕ್ಕ ಚೌಕಟ್ಟು. ಆದರೆ ದಾಸೋಹದ ಪಂಕ್ತಿ ಅಗಲವನ್ನೇ ಬೇಡುತ್ತದೆ. ಸಾಲಾಗಿ ಕುಳಿತ ನೂರು ಜನರಲ್ಲಿ ನಾಲ್ವರನ್ನು ಮಾತ್ರ ಉಳಿಸಿದರೆ ಅದು ನಾಲ್ವರ ಊಟದ ಚಿತ್ರವಾದೀತೇ ಹೊರತು ಪಂಕ್ತಿಯ ಚಿತ್ರವಾಗದು.

ಕಿಟಕಿಯನ್ನು ಸರಿಸುವ ಕೆಲಸಕ್ಕೆ ತಂತ್ರಾಂಶದಲ್ಲಿ 'ಕೀಫ್ರೇಮ್' ಎಂಬ ಗುರುತುಗಳನ್ನು ಇಡಬೇಕು. ಈ ಕ್ಷಣದಲ್ಲಿ ಕಿಟಕಿ ಇಲ್ಲಿ, ಮೂರು ಸೆಕೆಂಡಿನ ಅನಂತರ ಅಲ್ಲಿ ಎಂದು ಎರಡು ಗುರುತು ಇಟ್ಟರೆ ನಡುವಣ ಚಲನೆಯನ್ನು ತಂತ್ರಾಂಶವೇ ತುಂಬುತ್ತದೆ. ಹೊಸಬರ ಕೈಯಲ್ಲಿ ಈ ಗುರುತುಗಳು ಅತಿಯಾಗುತ್ತವೆ. ಕಿಟಕಿ ಎಡೆಬಿಡದೆ ತೂಗಾಡುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಒಂದು ಷಾಟಿಗೆ ಒಂದೇ ಸ್ಥಾನ ಸಾಕಾದರೆ ಅದೇ ಉತ್ತಮ. ಭಾಷಣಕಾರರು ವೇದಿಕೆಯ ಮೇಲೆ ನಡೆದರೆ ಮಾತ್ರ ಕಿಟಕಿಯೂ ನಡೆಯಲಿ, ಅವರು ಹೊರಟ ಮೇಲೆ ಹೊರಟು ಅವರು ನಿಂತ ಮೇಲೆ ನಿಲ್ಲಲಿ. ಅವರು ನೋಡುವ ದಿಕ್ಕಿಗೆ ಒಂದಿಷ್ಟು ಜಾಗ ಬಿಡತಕ್ಕದ್ದು.

೨೦೧೯ರಿಂದ ಈಚೆಗೆ ಈ ಕೆಲಸವನ್ನು ಯಂತ್ರವೇ ವಹಿಸಿಕೊಳ್ಳುತ್ತಿದೆ. ಆ ವರ್ಷ ಪ್ರೀಮಿಯರ್ ಪ್ರೋದಲ್ಲಿ 'ಆಟೋ ರೀಫ್ರೇಮ್' ಬಂದಿತು. ೨೦೨೦ರಲ್ಲಿ ಗೂಗಲ್ 'ಆಟೋಫ್ಲಿಪ್' ಎಂಬುದನ್ನು ಮುಕ್ತವಾಗಿ ಹೊರತಂದಿತು, ಆಪಲ್ ತನ್ನ ಫೈನಲ್ ಕಟ್ ಪ್ರೋಗೆ ಇಂಥದೇ ಸೌಲಭ್ಯ ಸೇರಿಸಿತು. ಇವು ಮುಖಗಳನ್ನೂ ಚಲಿಸುವ ವಸ್ತುಗಳನ್ನೂ ಗುರುತಿಸಿ ಕಿಟಕಿಯನ್ನು ಅತ್ತ ಒಯ್ಯುತ್ತವೆ. ಒಬ್ಬರೇ ಮಾತನಾಡುವ ಚಿತ್ರಕ್ಕೆ ಇದು ಒಳ್ಳೆಯ ಸಹಾಯ, ಗಂಟೆಗಳ ಶ್ರಮ ಉಳಿಯುತ್ತದೆ. ವಚನ ಗಾಯನದ ಚಿತ್ರವನ್ನು ಕೊಟ್ಟರೆ ಗಾಯಕರ ಮುಖವನ್ನು ಹಿಡಿದುಕೊಂಡು, ಹಾರ್ಮೋನಿಯಂ ತಬಲಾದವರನ್ನು ಹೊರಗೆ ಕಳಿಸಿಬಿಡಬಹುದು. ಎದ್ದು ತೋರುವುದು ಯಂತ್ರಕ್ಕೆ ತಿಳಿಯುತ್ತದೆ, ಎಣಿಕೆಗೆ ಬರತಕ್ಕದ್ದು ತಿಳಿಯದು. ಆದ್ದರಿಂದ ಯಂತ್ರ ಇಟ್ಟ ಗುರುತುಗಳನ್ನು ಒಂದೊಂದಾಗಿ ನೋಡಿ ತಿದ್ದುವ ಹೊಣೆ ಸಂಕಲನಕಾರನದೇ.

ಮನುಷ್ಯರೂ ಇದೇ ತಪ್ಪು ಮಾಡಿದ ನಿದರ್ಶನವಿದೆ. ೨೦೨೦ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹವಾಮಾನ ಚಳವಳಿಯ ಐವರು ತರುಣಿಯರು ಸಾಲಾಗಿ ನಿಂತ ಸ್ಥಿರಚಿತ್ರವೊಂದನ್ನು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ನಾಲ್ವರಿಗೆ ಕತ್ತರಿಸಿ ಹಂಚಿತು. ಹೊರಗುಳಿದವರು ಅಂಚಿನಲ್ಲಿದ್ದ ಉಗಾಂಡದ ವನೆಸ್ಸಾ ನಕಾಟೆ. ಆ ಸಾಲಿನಲ್ಲಿ ಆಫ್ರಿಕದಿಂದ ಬಂದವರು ಅವರೊಬ್ಬರೇ. ಹಿನ್ನೆಲೆಯ ಕಟ್ಟಡ ಕಣ್ಣಿಗೆ ಅಡ್ಡಿಯಾಗುತ್ತಿದ್ದುದರಿಂದ ಕತ್ತರಿಸಲಾಯಿತೆಂಬುದು ಸಂಸ್ಥೆ ಕೊಟ್ಟ ಕಾರಣ. ಬಳಿಕ ಅದು ಕ್ಷಮೆ ಕೋರಿತು. ಕಾರಣ ಸಂಯೋಜನೆಯದೇ ಇದ್ದಿರಬಹುದು. ಚಿತ್ರ ನೋಡಿದವರಿಗೆ ಕಾರಣ ಕಾಣಲಿಲ್ಲ, ಗೈರುಹಾಜರಿ ಕಂಡಿತು.

ಶಾಲೆಯ ಹಳೆಯ ಚಿತ್ರಗಳಲ್ಲಿ ಅಂಚಿನಲ್ಲಿ ಇರುವವರು ಯಾರು? ನಡುವೆ ಪೂಜ್ಯರು, ಅತಿಥಿಗಳು, ಬಹುಮಾನ ಪಡೆದ ವಿದ್ಯಾರ್ಥಿ. ಅಂಚಿನಲ್ಲಿ ಗಂಟೆ ಬಾರಿಸುತ್ತಿದ್ದ ಜವಾನರು, ಅಡುಗೆ ಮನೆಯ ಬಾಗಿಲಲ್ಲಿ ನಿಂತ ತಾಯಂದಿರು, ಕೊನೆಯ ಸಾಲಿನಲ್ಲಿ ಹೆಬ್ಬೆರಳಿನ ಮೇಲೆ ನಿಂತು ಇಣುಕುವ ಹುಡುಗರು. ಉತ್ಸವದ ದಿನ ಚಿತ್ರ ನೋಡಲು ಬರುವ ನೂರಾರು ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಮ್ಮನ್ನು ಹುಡುಕುವುದು ನಡುವೆಯಲ್ಲ, ಆ ಅಂಚಿನಲ್ಲಿ. ನಲವತ್ತು ವರ್ಷಗಳ ಹಿಂದಿನ ಮಗನ ಮುಖವೊಂದು ಮನೆಯವರಿಗೆ ದೊರೆಯುವ ಏಕೈಕ ಜಾಗ ಚೌಕಟ್ಟಿನ ಕೆಳಗಿನ ಮೂಲೆಯಾಗಿದ್ದರೆ, ಆ ಮೂಲೆಯನ್ನು ಬಿಡುವ ಮೊದಲು ಸಂಕಲನಕಾರ ಎರಡು ಬಾರಿ ನೋಡಬೇಕು.

ಕೆಲಸದ ಪದ್ಧತಿಯೂ ಇದಕ್ಕೆ ಹೊಂದಿಕೊಂಡಿರತಕ್ಕದ್ದು. ಯಾವ ಷಾಟನ್ನಾದರೂ ಕತ್ತರಿಸುವ ಮೊದಲು ಅದನ್ನು ಪೂರ್ಣ ಅಗಲದಲ್ಲಿ ಒಮ್ಮೆ ಆದ್ಯಂತ ನೋಡುವುದು. ಸಾಧ್ಯವಾದರೆ ಆ ಕಾಲದ ಅಧ್ಯಾಪಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದು. ಅವರು ಗುರುತಿಸಿದ ಹೆಸರುಗಳನ್ನು ಎಡದಿಂದ ಬಲಕ್ಕೆ, ಅಂಚಿನವರನ್ನೂ ಬಿಡದೆ, ಹಾಳೆಯ ಮೇಲೆ ಬರೆದುಕೊಳ್ಳುವುದು. ಕತ್ತರಿಸದ ಮೂಲ ಕಡತಕ್ಕೆ 'ಮೂಲ' ಎಂದೇ ಹೆಸರಿಟ್ಟು ಎರಡು ಬೇರೆ ಬೇರೆ ಕಡೆ ಇಡುವುದು, ಹೆಸರಿನ ಹಾಳೆಯ ಒಂದೊಂದು ಪ್ರತಿಯನ್ನು ಎರಡರೊಡನೆಯೂ ಸೇರಿಸುವುದು.