‘ಪ್ಲೀಸ್’ ಅನ್ನದಿದ್ದರೆ ಕೆಲಸ ಮಾಡದ ಭಾಷೆ

ನೋಡಮ್ಮ, ಪರೀಕ್ಷೆ ಮುಗಿಯಿತು, ರಜೆಯಲ್ಲಿ ಮನೆಯ ಕಂಪ್ಯೂಟರಿನಲ್ಲಿ ಹೊಸ ಪ್ರೋಗ್ರಾಮಿಂಗ್ ಭಾಷೆ ಓಡಿಸಬೇಕು ಅಂತೀಯ. ಕೆಲಸಕ್ಕೆ ಬರುವ ಭಾಷೆಗಳನ್ನು ಕಾಲೇಜೇ ಕಲಿಸುತ್ತೆ. ನಾನು ಹೇಳುವುದು ಯಾವ ಕೆಲಸಕ್ಕೂ ಬಾರದ ಇಂಟರ್ಕಾಲ್. 1972ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಡಾನ್ ವುಡ್ಸ್, ಜೇಮ್ಸ್ ಲಯನ್ ಎಂಬ ಹುಡುಗರು, ಇರುವ ಯಾವ ಭಾಷೆಯನ್ನೂ ಇದು ಹೋಲಬಾರದು ಎಂದು ಹಟ ಹಿಡಿದು ಮಾಡಿದ ತಮಾಷೆ ಅದು. ಕೂಡಿಸುವ ಚಿಹ್ನೆಯೇ ಇಲ್ಲ. ಎರಡಕ್ಕೆರಡು ಸೇರಿಸಲೂ ಲೈಬ್ರರಿಯ ಮೊರೆ ಹೋಗಬೇಕು.

ಅದನ್ನು ಓಡಿಸಲು ಅವರಿಗೆ ಐಬಿಎಂ 360 ಎಂಬ ದೊಡ್ಡ ಕಂಪ್ಯೂಟರ್ ಬೇಕಾಗಿತ್ತು. 1990ರಲ್ಲಿ ಎರಿಕ್ ರೇಮಂಡ್ ಎಂಬ ಪ್ರೋಗ್ರಾಮರ್ ಇಂಟರ್ಕಾಲ್‌ಗೆ ಸಿ ಭಾಷೆಯಲ್ಲಿ ಕಂಪೈಲರ್ ಬರೆದರು. ಈಗ ನಿನ್ನ ಹಳೇ ಲ್ಯಾಪ್‌ಟಾಪೇ ಸಾಕು. ಉಬುಂಟುವಿನಲ್ಲಿ ಇಂಟರ್ಕಾಲ್ ಹೆಸರಿನ ಪ್ಯಾಕೇಜೇ ಇದೆ. ಕಂಪೈಲರಿನ ಹೆಸರು ‘ಇಕ್’. ಅದು ನಿನ್ನ ಪ್ರೋಗ್ರಾಮನ್ನು ಸಿ ಭಾಷೆಗೆ ತಿರುಗಿಸಿ ಜಿಸಿಸಿ ಎಂಬ ಸಿ ಕಂಪೈಲರಿಗೆ ದಾಟಿಸುತ್ತೆ. ಜಿಸಿಸಿ ಇಲ್ಲದಿದ್ದರೆ ಕೆಲಸ ಅಲ್ಲೇ ನಿಂತಿತು. ಮೊದಲು ಅದನ್ನು ನೋಡಿಕೋ.

ಆಮೇಲೆ ಇಕ್‌ನ ಬೈಗುಳ ಶುರು. ಆಗ ಗಾಬರಿಯಾಗಿ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡ. ಸಂದೇಶವನ್ನು ಕೊನೇವರೆಗೆ ಓದು, ತಪ್ಪು ಯಾರದು ಅಂತ ನೋಡು. ಸಂದೇಶದಲ್ಲಿ 079 ಎಂಬ ಸಂಖ್ಯೆ ಬಂದರೆ ತಪ್ಪು ನಿನ್ನದು: ನಿನಗೆ ವಿನಯ ಸಾಲದು! ಈ ಭಾಷೆಯಲ್ಲಿ ಆಜ್ಞೆಗಳು ‘ಡೂ’ ಅಂತ ಶುರುವಾಗುತ್ತವೆ, ಆದರೆ ಐದರಲ್ಲಿ ಒಂದಕ್ಕಾದರೂ ‘ಪ್ಲೀಸ್’ ಸೇರಿರಬೇಕು. ಮೂರರಲ್ಲೊಂದಕ್ಕಿಂತ ಹೆಚ್ಚಾದರೆ 099: ಅತಿವಿನಯ. ನಮ್ಮ ಕಚೇರಿಗಳಲ್ಲಿ ಈ ಕಂಪೈಲರ್ ಇಟ್ಟಿದ್ದರೆ ಎಷ್ಟೋ ಅರ್ಜಿಗಳು ತಿರಸ್ಕೃತವಾಗುತ್ತಿದ್ದವು.

774 ಬಂದರೆ ಮಾತ್ರ ನಿನ್ನ ಪ್ರೋಗ್ರಾಮನ್ನು ಮುಟ್ಟಬೇಡ. ಅದು ಕಂಪೈಲರ್ ತನಗೆ ತೋಚಿದಾಗ ಮಾಡುವ ತಪ್ಪು, ಬೇಕೆಂದೇ ಇಟ್ಟದ್ದು. ಮತ್ತೊಮ್ಮೆ ಓಡಿಸು, ಇಲ್ಲವೇ ‘-ಬಿ’ ಆಯ್ಕೆ ಕೊಟ್ಟು ಅದರ ಬಾಯಿ ಮುಚ್ಚಿಸು. ಇದೆಲ್ಲ ಕೈಪಿಡಿಯಲ್ಲಿದೆ. ಕೈಪಿಡಿ ಓದಲು ಬೇಸರಪಡುವ ನೀನೂ ಇದನ್ನು ನಗುತ್ತಾ ಓದುತ್ತೀಯ.

ಇನ್ನೊಂದು ವಿಷಯ ನಿನಗೆ ಹಿಡಿಸುತ್ತೆ. ಹನ್ನೆರಡನ್ನು ಒಳಗೆ ಕಳಿಸಲು ಅಂಕಿ ಒತ್ತುವಂತಿಲ್ಲ. ‘ವನ್ ಟೂ’ ಎಂದು ಬಿಡಿಬಿಡಿಯಾಗಿ ಇಂಗ್ಲಿಷ್ ಪದ ಬರೆಯಬೇಕು. ಉತ್ತರ ಬರುವುದು ರೋಮನ್ ಅಂಕಿಯಲ್ಲಿ. ಆದರೆ ರೇಮಂಡರ ಈ ಕಂಪೈಲರ್ ಸಂಸ್ಕೃತವನ್ನೂ ಒಪ್ಪುತ್ತೆ: ರೋಮನ್ ಲಿಪಿಯಲ್ಲಿ ‘ಏಕ ದ್ವಿ’ ಎಂದು ಹೊಡೆದರೆ ಅದಕ್ಕೆ ತಿಳಿಯುತ್ತೆ. ಬಾಸ್ಕ್, ಟಗಾಲಾಗ್ ಕೂಡ ಬರುತ್ತವೆ. ಕನ್ನಡದ ಒಂದು, ಎರಡು ಬರುವುದಿಲ್ಲ. ಸೋರ್ಸ್ ಕೋಡ್ ತೆರೆದೇ ಇದೆ, ಯಾರು ಬೇಕಾದರೂ ತಿದ್ದಬಹುದು. ಅಂಕಿಗಳ ಪಟ್ಟಿ ಎಲ್ಲಿದೆ ಅಂತ ಹುಡುಕಿ, ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡ ಸೇರಿಸಿ ಕಂಪೈಲ್ ಮಾಡಿ ನನಗೆ ತೋರಿಸು, ನೋಡೋಣ.